ಅಬಲೂರಿಗೆ ಹೋದ ಸಿನಿಮಾ ತಾಯಂದಿರು

ನಮ್ಮ ಅತ್ತಿಯ ದಯೆಯಿಂದ ನಾನು ಡಿಗ್ರಿ ಪೂರ್ತಿ ಮಾಡಿದೆ. ಆದರೆ ಅವಳ ಎದುರಿಗೆ ಕೂತು ಒಂದು ಸಿನಿಮಾವನ್ನೂ ಪೂರ್ತಿ ನೋಡಲಾಗಲಿಲ್ಲ. ಅತ್ತಿ ಅಂದರೆ ಗಂಡನ ತಾಯಿ ಅಂದುಕೊಳ್ಳಬೇಡಿ, ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತಿಳವಳ್ಳಿಗೆ ವಾಪಸು ಬಂದು ನಮ್ಮ ಮನೆಯ ಒಲೆ, ಎಮ್ಮೆ, ಟಿವಿ ಮತ್ತು ನನ್ನನ್ನು ಒಟ್ಟಿಗೇ ವಶಕ್ಕೆ ತೆಗೆದುಕೊಂಡವಳು.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಬಾಗಿಲು ದಾಟಿರಲಿಲ್ಲ. ನಾನು ಹತ್ತನೇ ತರಗತಿಗೆ ಬಂದಾಗ, ತಾಯಿಯಿಲ್ಲದ ಹುಡುಗಿ ನಡುವೆಯೇ ಓದು ಬಿಟ್ಟಾಳು ಎಂಬ ಹೆದರಿಕೆ ಅತ್ತಿಯನ್ನು ಹಿಡಿಯಿತು. ಬೇರೆಯವರು ಮಕ್ಕಳಿಗೆ ಟ್ಯೂಷನ್ ಹಚ್ಚಿದರು. ಇವಳು ಸಿನಿಮಾ ಹಚ್ಚಿದಳು, ಕಷ್ಟಪಟ್ಟು ಗೆಲ್ಲುವ ಹುಡುಗಿಯರ ಸಿನಿಮಾ. ರವಿವಾರ ಮಧ್ಯಾಹ್ನ ನಾನು, ಓಣಿಯ ನನ್ನ ವಾರಿಗೆಯ ಹುಡುಗಿಯರು, ಎಲ್ಲರೂ ಟಿವಿ ಮುಂದೆ ಚಾಪೆ ಮೇಲೆ ಹಾಜರಿರಬೇಕು.

ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಗೆ ಹೋಗುವಳು. ಅಂಗಡಿಯವನಿಗೆ ಅವಳು ಬಂದಳೆಂದರೆ ಪರೀಕ್ಷೆ.

"ದೊಡ್ಡವ್ವ, ಫೈಟ್ ಇರೂದು ಹಾಕ್ಲೇನ್ರಿ?"

"ಯಾರ ಕೂಡ ಫೈಟು?"

"ರೌಡಿಗೋಳ ಕೂಡರಿ."

"ನಮ್ಮ ಹುಡುಗ್ಯಾರು ರೌಡಿಗೋಳ ಕೂಡ ಯಾಕ ಬಡದಾಡ್ತಾರ? ಬಡತನದ ಕೂಡ ಬಡದಾಡೂದು ಇದ್ರ ಹಾಕು. ಮನಿಮಂದಿ ಎಲ್ಲಾ ಕುಂತು ನೋಡೂ ಹಂಗ ಇರ್ಬೇಕು ಮತ್ತ."

ತಂದದ್ದನ್ನು ಮುಂಜಾನೆ ಅಕ್ಕಿ ಹಸನು ಮಾಡುತ್ತ ತಾನೊಬ್ಬಳೇ ನೋಡಿ, ಎಲ್ಲೆಲ್ಲಿ ಟಿವಿಗೆ ಅಡ್ಡ ನಿಲ್ಲಬೇಕೆಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುವಳು. ಅಡ್ಡ ನಿಲ್ಲುವುದು ಯಾವಾಗ ಅಂತೀರಿ? ಬೇರೆ ಮನೆಗಳಲ್ಲಿ ನಾಯಕ ನಾಯಕಿಯ ಕೈ ಹಿಡಿದರೆ ಹಿರಿಯರು ರಿಮೋಟ್ ಹುಡುಕುತ್ತಾರೆ. ನಮ್ಮಲ್ಲಿ ಆ ಜೋಡಿ ಮಳೆಯಲ್ಲಿ ತೊಯ್ದು ಅಪ್ಪಿಕೊಂಡಾಗ ನಾವೇ ನಾಚಿ ಜಂತಿ ಎಣಿಸುತ್ತಿದ್ದೆವು. ಅತ್ತಿ ಚುರುಮುರಿ ಕಲೆಸುತ್ತ, "ಲಗ್ನ ಆಗೋರು ಅದಾರ, ಬಿಡ್ರಿ" ಅನ್ನುವಳು.

ಆದರೆ ಸಿನಿಮಾದ ತಾಯಿ ಒಮ್ಮೆ ಕೆಮ್ಮಬೇಕು. ಚುರುಮುರಿ ಅಲ್ಲೇ ಬಿಟ್ಟು ಜಿಗಿದೆದ್ದು ಟಿವಿ ಮುಂದೆ ನಿಂತು, ಇಳಕಲ್ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಪೂರ್ತಿ ಮುಚ್ಚಿಬಿಡುವಳು. ಸೆರಗಿನ ಹಿಂದೆ ಶಹನಾಯಿ, ಅಳು, ಓಡಾಟ. ಮುಂದೆ ಅತ್ತಿಯ ಕಾಮೆಂಟರಿ.

ಓಟದ ಪಂದ್ಯಕ್ಕೆ ಬರಿಗಾಲಲ್ಲಿ ತಯಾರಾಗುವ ಹುಡುಗಿಯ ಸಿನಿಮಾವೊಂದಿತ್ತು. ಸೆರಗು ಇಳಿದಾಗ ಗೋಡೆಯ ಮೇಲೆ ತಾಯಿಯ ಫೋಟೋ, ಅದಕ್ಕೊಂದು ಹೂವಿನ ಮಾಲೆ.

"ಅತ್ತಿ, ಮಾಲಿ ಯಾಕ ಹಾಕ್ಯಾರ?" ಬಾಜೂ ಮನೆಯ ಹುಡುಗಿ ಕೇಳಿದಳು.

"ಅವರ ಮನ್ಯಾಗ ಹಬ್ಬ ಐತಿ."

"ಮತ್ತ ಹುಡುಗಿ ಯಾಕ ಅಳಾಕತ್ತಾಳ?"

"ಹೋಳಿಗಿ ಸುಟ್ಟಾವ."

"ಅವರವ್ವ ಎಲ್ಲಿ ಹೋದ್ಲು?"

"ತವರಮನಿಗೆ. ಅಬಲೂರಿಗೆ."

ಕನ್ನಡದ ತಾಯಿ ಇರಲಿ, ಹಿಂದಿಯ ತಾಯಿ ಇರಲಿ, ಕೆಮ್ಮಿದವರ ತವರು ಹಿರೇಕೆರೂರು ತಾಲೂಕಿನ ಅಬಲೂರೇ. ಅಷ್ಟು ಹೆಣ್ಣುಮಕ್ಕಳು ಒಮ್ಮೆಲೇ ಬಂದಿಳಿದರೆ ಆ ಊರಿನವರು ಹಾಸಿಗೆ ಎಲ್ಲಿಂದ ತರಬೇಕು?

ನಗುತ್ತಿದ್ದ ಹುಡುಗಿಯರು ಆ ಊರಿನ ಹೆಸರು ಬಂದಾಗ ಮಾತ್ರ ನನ್ನ ಮುಖ ನೋಡುತ್ತಿದ್ದರು. ಅಬಲೂರು ನನ್ನ ಅವ್ವನ ತವರು. ನಾನಿನ್ನೂ ಶಾಲೆ ಸೇರಿರಲಿಲ್ಲ, ಕೆಮ್ಮಿ ಕೆಮ್ಮಿ ಅವ್ವ ತೀರಿಹೋದಳು. ಅಂಗಳದಲ್ಲಿ ಜನ ಕೂಡಿದ್ದರು. ಅತ್ತಿ ನನ್ನ ಮುಖದ ಮೇಲೆ ಸೆರಗು ಹಾಕಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವ್ವ ಎಲ್ಲಿ ಅಂದೆ. ಅಬಲೂರಿಗೆ ಅಂದಳು. "ಬಸ್ ಸಿಕ್ತೇನು?" ಅಂದೆ. "ಸಿಕ್ತು. ಕಿಡಕಿ ಬಾಜೂ ಸೀಟು" ಅಂದಳು.

ಆಮೇಲೆ ಎಷ್ಟೋ ಸಂಜೆ ಹಿರೇಕೆರೂರು ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತ ನಿಂತಿದ್ದೇನೆ. ನಿಜವನ್ನು ಯಾರೂ ಕೂರಿಸಿಕೊಂಡು ಹೇಳಲಿಲ್ಲ, ಬೆಳೆಯುತ್ತ ತಾನೇ ತಿಳಿಯಿತು. ನನಗೆ ತಿಳಿದಿದೆ ಎಂಬುದು ಅತ್ತಿಗೂ ತಿಳಿದಿತ್ತು. ಆದರೂ ಸೆರಗು ಏಳುವುದು ನಿಲ್ಲಲಿಲ್ಲ.

ಡಿಗ್ರಿಗೆ ಶಿಗ್ಗಾಂವಿಯ ಹಾಸ್ಟೆಲ್ ಸೇರಿದೆ. ಅಲ್ಲಿ ಒಂದು ದಿನ ಗೆಳತಿಯರು ಇಂಥದೇ ಬಡ ಹುಡುಗಿಯೊಬ್ಬಳ ಸಿನಿಮಾ ಹಚ್ಚಿದರು. ತಾಯಿ ಕೆಮ್ಮಿದಳು. ನಾನು ಕಾಯ್ದೆ. ಯಾರೂ ಏಳಲಿಲ್ಲ. ಮೊದಲ ಸಲ ಸೆರಗಿನ ಹಿಂದಿನದೆಲ್ಲವನ್ನೂ ನೋಡಿದೆ, ಎದ್ದು ಹೋಗಿ ನಳದ ಕಟ್ಟೆ ಮೇಲೆ ಕೂತೆ. ಓದು ಸಾಕು, ಊರಿಗೆ ಹೋಗಿಬಿಡೋಣ ಅನಿಸಿತು. ಫೋನ್ ಹಚ್ಚಿ ಅತ್ತಿಗೆ ಹೇಳಿದೆ.

"ಅಷ್ಟು ದೊಡ್ಡ ಹಾಸ್ಟೆಲ್ ಐತಿ, ಅಡ್ಡ ನಿಲ್ಲಾಕ ಒಬ್ಬರನ್ನ ಇಟ್ಟಿಲ್ಲೇನು?" ಅಂದಳು. ನನಗೆ ಅಳುವಿನಲ್ಲೇ ನಗು ಬಂತು. ನಗು ಕೇಳಿಸಿಕೊಂಡು, "ಮುಂದಿಂದು ನೋಡಿದೇನು? ಆ ಹುಡುಗಿ ಗೆದ್ದಿರ್ತಾಳ. ಹೋಗಿ ನೋಡು" ಅಂದಳು. ಹೋಗಿ ನೋಡಿದೆ. ಡಿಗ್ರಿ ಮುಗಿಯುವವರೆಗೆ ಊರಿಗೆ ಹೋಗಿಬಿಡುವ ಮಾತು ಮತ್ತೆ ಆಡಲಿಲ್ಲ.

ಈಗ ಅತ್ತಿ ಹಾಸಿಗೆ ಹಿಡಿದಿದ್ದಾಳೆ. ಮನೆಗೆ ಕರೆದುಕೊಂಡು ಹೋಗಿರಿ, ಬೇಡಿದ್ದು ಕೊಡಿರಿ ಎಂದು ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು. ಅತ್ತಿಗೆ ನಾವು ಹೇಳಿದ್ದು ಆರಾಮ ಆಗತೈತಿ ಎಂದಷ್ಟೇ.

ಮೊನ್ನೆ ಮಧ್ಯಾಹ್ನ ಅವಳು ಬೇಡಿದ್ದು ಸಿನಿಮಾ. "ಆ ಓಡೂ ಹುಡುಗೀದು ಹಚ್ಚು."

ಹಚ್ಚಿದೆ. ತಾಯಿ ಕೆಮ್ಮಿದಳು. ಹಾಸಿಗೆಯಲ್ಲಿ ಅತ್ತಿಯೂ ಕೆಮ್ಮಿದಳು. ನನಗೆ ಅರಿವಾಗುವಷ್ಟರಲ್ಲಿ ನಾನು ಟಿವಿ ಮುಂದೆ ನಿಂತಿದ್ದೆ, ಎರಡೂ ಕೈಯಲ್ಲಿ ಚೂಡಿದಾರದ ವೇಲು ಅಗಲ ಮಾಡಿ. ತೆಳ್ಳನೆಯ ವೇಲು, ಹಿಂದಿನದೆಲ್ಲ ಕಾಣುತ್ತಿತ್ತು. ಅತ್ತಿ ಅದರ ಮೂಲಕ ಎಲ್ಲವನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎಲ್ಲಿ ಹೋದ್ಲು ಅಕಿ?"

"ಅಬಲೂರಿಗೆ."

"ಬಸ್ ಸಿಕ್ತೇನು?"

"ಸಿಕ್ತು ಅತ್ತಿ. ಕಿಡಕಿ ಬಾಜೂ ಸೀಟು."

"ಛಲೋ ಆತು" ಅಂದಳು. ನನ್ನ ಕೈ ಇನ್ನೂ ಇಳಿದಿರಲಿಲ್ಲ.

"ಇನ್ನ ಬಾಜೂ ಸರಿ ನೀ. ಹುಡುಗಿ ಓಡೂದು ನೋಡ್ತೇನಿ."