ಕಾಕಾನ ಕಾರ್ಡು

ನಮ್ಮ ಕಾಕಾ ಸತ್ತವರನ್ನು ಎಬ್ಬಿಸುತ್ತಾರೆ. ನಂಬಿಕೆ ಬರದಿದ್ದರೆ ಭೋಜ ಊರಿನ ನಮ್ಮ ಬೀಗರನ್ನು ಕೇಳಿ ನೋಡಿ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಏಕಸಂಬಿಯ ಕಡೆ ಒಂದು ಹಾಲಿನ ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ಅಲ್ಲಿಯ ಸರ್ವರ್ ಅವರ ಪಾಲಿಗೆ ಹಸುಗೂಸು. ರಜೆಯ ದಿನವೂ ಬೈಕ್ ಹತ್ತಿ ಹೋಗಿ, ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, "ಸ್ವಲ್ಪ ಬಿಸಿ ಐತಿ" ಎಂದು ಗೊಣಗಿ, ಎ.ಸಿ. ಹೆಚ್ಚಿಸಿ ಬರುತ್ತಿದ್ದರು. ಕಾಕಿಗೆ ಜ್ವರ ಬಂದಾಗ ಮಾತ್ರ ಬಾಗಿಲಲ್ಲೇ ನಿಂತು, "ಒಂದ್ ಗುಳಿಗಿ ನುಂಗು" ಎಂದರಂತೆ.

ಈ ಓಡಾಟ ನೋಡಲಾರದೆ ಸಂಘದವರು ಸರ್ವರಿನೊಳಗೆ ಒಂದು ಕಾರ್ಡು ಕೂರಿಸಿದರು. ಸರ್ವರಿನ ಬಿಸಿ ಎಷ್ಟು, ಫ್ಯಾನು ತಿರುಗುತ್ತಿದೆಯೇ ಎಂದು ಕಾಕಾನ ಮೊಬೈಲಿಗೆ ವರದಿ ಒಪ್ಪಿಸುವ, ಸರ್ವರ್ ಮಲಗಿದರೆ ಮೊಬೈಲಿನಿಂದಲೇ ಎಬ್ಬಿಸಲೂ ಬರುವ ಅಂಗೈಯಗಲದ ಹಸಿರು ಹಲಗೆ. "ಕಾರ್ಡ್ ಬಂತು" ಎಂದು ಕಾಕಾ ಓಣಿಯಲ್ಲೆಲ್ಲ ಸಾರಿದರು.

"ಬಿ.ಪಿ.ಎಲ್. ಏನಪಾ? ನಮ್ಮದಿನ್ನೂ ಬಂದಿಲ್ಲ" ಎಂದಳು ಎದುರುಮನೆಯ ಆಯಿ.

ಕಾಕಾ ನನ್ನ ಕಡೆ ತಿರುಗಿದರು. "ಯವ್ವಾ, ನೀನರ ತಿಳ್ಕೊ. ಸರ್ವರ್ ಮಕಾಡೆ ಬಿದ್ರೂ ಈ ಕಾರ್ಡ್ ಎಚ್ಚರ ಇರ್ತೈತಿ. ಇದರ ಕರೆಂಟಿನ ವಾಯರ್ ಬ್ಯಾರೆ. ಅದು ಮಾತು ಬಿಟ್ರೂ, ಹ್ಯಾಂಗೈತಿ ಅಂತ ಇದು ಹೇಳ್ತೈತಿ."

ಮುಂದೆ ಭೋಜದ ಬೀಗರ ಮನೆಯ ಮದುವೆ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಂಡೇಳಬೇಕು, ಪಂಗತಿ ಅವಸರದಲ್ಲಿತ್ತು. ನಡುವೆ ಕಾಕಾ ಮೊಬೈಲಿನಲ್ಲಿ ಕಾರ್ಡಿನ ವರದಿ ನೋಡಿ ಗಟ್ಟಿಯಾಗಿ, "ಬಡಿತ ನಿಂತೈತಿ" ಎಂದರು.

"ಯಾರದ್ರಿ?" ಬೀಗರ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನಮ್ಮದ."

ಬ್ಯಾಂಡು ನಿಂತಿತು. ಬಡಿಸುವವರು ಹೋಳಿಗೆಯ ಬುಟ್ಟಿ ಹಿಡಿದು ಹಿಂದಕ್ಕೆ ನಡೆದರು. ಹೆಂಗಸರು ಸೆರಗು ಬಾಯಿಗೆ ಒಯ್ದರು.

"ಗಾಬರಿ ಆಗಬ್ಯಾಡ್ರಿ. ಇಲ್ಲಿಂದನ ಎಬ್ಬಸ್ತೇನಿ" ಎಂದು ಕಾಕಾ ಎಡಗೈ ಹೆಬ್ಬೆರಳಿನಿಂದ ಏನೋ ಒತ್ತಿ, ಕಣ್ಣು ಮಿಟುಕಿಸದೆ ಕೂತರು. ಐದು ನಿಮಿಷ. ಆಮೇಲೆ, "ಜೀವ ಬಂತು. ಹೋಳಿಗಿ ತರ್ರಿ."

ಮರುವಾರ ನಿಪ್ಪಾಣಿಯಿಂದ ಯಾರೋ ಫೋನ್ ಮಾಡಿದರು. ಅವರ ಎಮ್ಮೆ ಮಲಗಿದ್ದು ಏಳುತ್ತಿರಲಿಲ್ಲವಂತೆ!

ಹರದಾರಿ ದೂರದಿಂದ ಸರ್ವರನ್ನು ಆರಿಸಿ ಹೊತ್ತಿಸುವ ಈ ಮನುಷ್ಯನಿಂದ ಒಂದು ಪಂಪ್‌ಸೆಟ್ ಆರಿಸಲಾಗಲಿಲ್ಲ ನೋಡಿ. ಹೋದ ಬೇಸಿಗೆಯಲ್ಲಿ ನಮ್ಮ ಕಬ್ಬಿನ ಹೊಲದ ಮೋಟಾರು ಸುಟ್ಟಿತು. ಆರಿಸಬೇಕಾದವನು ನೀನು ಎಂದು ಅಪ್ಪ, ಅಲ್ಲ ನೀನು ಎಂದು ಕಾಕಾ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಬಿ.ಪಿ. ಇರುವ ಅಪ್ಪ ಚಿಕ್ಕೋಡಿಯಲ್ಲಿ ನನ್ನ ಜೊತೆಗಿದ್ದಾರೆ. ಏನಾದರೂ ಹೆಚ್ಚುಕಡಿಮೆ ಆಗುವ ಮೊದಲು ಇವರಿಬ್ಬರೂ ಮಾತಾಡಲಿ ಎಂಬುದೊಂದೇ ನನ್ನ ಹಂಬಲ.

ಎಮ್ಮೆಯ ಫೋನು ಬಂದ ವಾರದಿಂದಲೇ ಬೆಳಿಗ್ಗೆ ಎಂಟಕ್ಕೆ ತಪ್ಪದೆ ನನಗೆ ಕಾಕಾನ ಫೋನು ಶುರುವಾಯಿತು.

"ಯವ್ವಾ, ಅಲ್ಲಿ ಟೆಂಪರೇಚರ್ ಹ್ಯಾಂಗೈತಿ?"

"ಭಾಳ ಧಗಿ ಐತ್ರಿ ಕಾಕಾ."

"ಅದಲ್ಲ. ಗುಳಿಗಿ ತಗೊಂಡಾನಿಲ್ಲೊ?"

ಆಗ ತಿಳಿಯಿತು, ಕಾಕಾನ ಇನ್ನೊಂದು ಕಾರ್ಡು ನಾನೇ! ಅಪ್ಪನೂ ಕಡಿಮೆಯಲ್ಲ. ಎಂಟಕ್ಕೆ ಸರಿಯಾಗಿ ಪೇಪರು ಹಿಡಿದು ಪಕ್ಕದಲ್ಲೇ ಕೂತು, "ಯಾರದು ಫೋನು?" ಎಂದು ಗೊತ್ತಿಲ್ಲದವರಂತೆ ಕೇಳುತ್ತಿದ್ದರು.

ಒಂದು ದಿನ ಬೆಳಿಗ್ಗೆ ನನ್ನ ಫೋನು ನೀರಿನ ಬಕೆಟ್ಟಿಗೆ ಬಿತ್ತು. ಎಂಟಾಯಿತು, ಒಂಬತ್ತಾಯಿತು. ಅಪ್ಪ ಮೂರು ಸಲ ಗಡಿಯಾರ ನೋಡಿ, ಅಂಗಳಕ್ಕೆ ಹೋಗಿ ಕೂತರು. ಹತ್ತಕ್ಕೆ ಬೈಕಿನ ಸದ್ದು. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡ ಕಾಕಾ ನೆಟ್ಟಗೆ ಬಂದು, ಅಪ್ಪನ ನೆತ್ತಿಯ ಮೇಲೆ ಅಂಗೈ ಇಟ್ಟರು.

"ಸ್ವಲ್ಪ ಬಿಸಿ ಐತಿ."

"ಬಿಸಲಾಗ ಕುಂತೇನಿ ಲೇ" ಎಂದರು ಅಪ್ಪ. ಕಾಕಾ ಕೈ ತೆಗೆಯಹೋದರು. "ಇರ್ಲಿ. ತಗೀಬ್ಯಾಡ."

ನಾನು ಚಹಾ ಇಡುವ ನೆಪದಲ್ಲಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ. ಫೋನು ಒಣಗಿ ಮಧ್ಯಾಹ್ನವೇ ಸರಿಯಾಯಿತು. ಎಂಟು ದಿನ ನಾನದನ್ನು ಯಾರಿಗೂ ಹೇಳಲಿಲ್ಲ. ಎಂಟು ದಿನವೂ ಕಾಕಾ ಬಂದರು.