ನಮ್ಮೂರಿಗೆ ಟ್ರೈನು ತಪ್ಪಿದ್ದು

ಅಲ್ಲ ಮಾರಾಯ್ರೆ, ಟ್ರೈನು ನಿಮ್ಮೂರಲ್ಲಿ ಯಾಕೆ ನಿಲ್ಲಲ್ಲ ಅಂತ ನನ್ನೇ ಕೇಳ್ತೀರಲ್ಲ, ನಾನೇನು ಅದನ್ನ ಹಗ್ಗ ಹಾಕಿ ಕಟ್ಕೊಂಡಿದ್ನಾ? ಆಲೂರಿಗೂ ಸಕಲೇಶಪುರಕ್ಕೂ ಮಧ್ಯೆ ರಸ್ತೆ ಪಕ್ಕ ಒಂದು ಶೀಟಿನ ಶೆಡ್ಡು, ಅದೇ ನಮ್ಮ ಸ್ಟೇಷನ್ನು. ಅಲ್ಲಿ ಟಿಕೆಟ್ ಮಾರೋ ಏಜೆಂಟು ನಾನು. ಸಂಬಳ ಇಲ್ಲ, ಕಮಿಷನ್ನು. ಟಿಕೆಟ್ ಹೋಗ್ಲಿಲ್ಲ ಅಂದ್ರೆ ಸ್ಟೇಷನ್ ಮುಚ್ತೀವಿ ಅಂತ ಮೇಲಿನೋರು ಹೆದರಿಸ್ತಾನೇ ಇರೋರು. ಮುಚ್ಚಿದ್ರೆ ಊರಿಗೆ ಟ್ರೈನಿಲ್ಲ, ನನಗೆ ಅನ್ನ ಇಲ್ಲ. ಇಂಥಾದ್ರಲ್ಲಿ ನಗು ಬರೋ ಸಂಗತಿ ಯಾಕಾದ್ರೂ ನಡೀಬೇಕು ಹೇಳಿ? ಆದ್ರೂ ನಡೀತಾನೇ ಇರೋದು.

ನಿಂತ್ಕೊಂಡು ಹೋಗೋರು

ನಮ್ಮೂರಲ್ಲಿ ಟಿಕೆಟ್ ತಗೊಳ್ಳೋದು ಅಂದ್ರೆ ಮರ್ಯಾದೆ ಕಮ್ಮಿ. ಗಾರ್ಡು ಎಲ್ಲರಿಗೂ ಪರಿಚಯ. ಅವರ ಕೈಗೊಂದು ಹಲಸಿನಹಣ್ಣು ಇಟ್ರೆ ಮನೆಮಂದಿಯೆಲ್ಲ ಹಾಸನ ಸೇರಿದಂಗೆ. ಒಂದಿನ ನಮ್ಮ ಗೌಡ್ರನ್ನ ತಡೆದು ಅಂಗಲಾಚಿದೆ.

"ಗೌಡ್ರೇ, ನೀವಾದ್ರೂ ಒಂದು ಟಿಕೆಟ್ ತಗೊಳ್ಳಿ, ಸ್ಟೇಷನ್ ಉಳೀಲಿ."

"ನನಗ್ಯಾಕೋ ಟಿಕೆಟ್ಟು? ನಾನು ಬಾಗ್ಲಲ್ಲಿ ನಿಂತ್ಕೊಂಡು ಹೋಗೋನು. ಕೂರೋರಿಗೆ ಕೊಡು!"

ಬಾರದ ಬೋಗಿ

ಜನ ಇಲ್ಲ ಅಂತ ಬೋಗಿ ಕಿತ್ತರು. ಬೋಗಿ ಇಲ್ಲ ಅಂತ ಜನ ಬಸ್ಸಿಗೆ ಹೋದ್ರು. ಜನ ಹೋದ್ರು ಅಂತ ಇನ್ನೊಂದು ಬೋಗಿ ಕಿತ್ತರು. ಉಳಿದೋರು ಮಾತ್ರ ಜಾಗ ಬಿಡ್ಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬೋಗಿ ಖಾಯಂ, ಅದು ನಿಲ್ಲೋ ಜಾಗದಲ್ಲೇ ಮೊದಲಿಂದ ನಿಲ್ಲೋರು. ಒಂದಿನ ಎಂಜಿನ್ನು ಎರಡೇ ಬೋಗಿ ಎಳ್ಕೊಂಡು ಬಂತು, ನಿಂತಿತು, ಹೋಯ್ತು. ಪ್ಲಾಟ್‌ಫಾರಮ್ಮಿನ ಆ ತುದೀಲಿ ಸೊಪ್ಪಿನ ಬುಟ್ಟಿ ಇಟ್ಕೊಂಡು ನಿಂತಿದ್ದ ಹೆಂಗಸ್ರು ಅಲ್ಲಾಡ್ಲೇ ಇಲ್ಲ.

"ಯಾಕ್ರಮ್ಮ ಹತ್ಲಿಲ್ಲ?" ಅಂದೆ.

"ಸುಮ್ನಿರಣ್ಣ, ನಮ್ಮ ಬೋಗಿ ಇನ್ನೂ ಬಂದಿಲ್ಲ."

ಅಜ್ಜ ಹಾಸನಕ್ಕೆ ಹೊರಟಿದ್ದು

ಒಬ್ಬ ಅಜ್ಜನಿಗೆ ಚಳಿಜ್ವರ. ಹಾಸನದ ಆಸ್ಪತ್ರೆಗೆ ಅಂತ ಕಂಬಳಿ ಹೊದಿಸಿ ಕರ್ಕೊಂಡು ಬಂದ್ರು. ಎಡಕುಮೇರಿ ಹತ್ರ ಗುಡ್ಡ ಜರುಗಿ ಟ್ರೈನು ಅಲ್ಲೇ ನಿಂತಿತ್ತು. ಕಾದು ಕಾದು ಅಜ್ಜನಿಗೆ ಬೆವರು ಬಂದು ಜ್ವರ ಬಿಟ್ಟೋಯ್ತು. ಎದ್ದು, "ನಡೀರೋ ಮನೆಗೆ, ಹಸಿವಾಗ್ತೈತೆ" ಅಂದ. ಊರೆಲ್ಲ ಟ್ರೈನನ್ನ ಹೊಗಳಿದ್ದೇ ಹೊಗಳಿದ್ದು.

ಮುಂದಿನ ಮಳೆಗಾಲಕ್ಕೆ ಮತ್ತೆ ಜ್ವರ. ಮಕ್ಕಳು ಹಳೇ ನಂಬಿಕೆ ಮೇಲೆ ಮತ್ತೆ ಶೆಡ್ಡಿಗೇ ತಂದ್ರು. ಈ ಸಲ ಟ್ರೈನು ಬರೋಕೆ ಮುಂಚೆ ಅಜ್ಜ ಹೋಗ್ಬುಟ್ಟ. ನಾವೆಲ್ಲ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಟ್ರೈನು ಬಂತು. ಅಜ್ಜನ್ನ ನೋಡೋಕೆ ಅಂತ ಹೊರಟಿದ್ದ ನೆಂಟರು ಅದರಿಂದಾನೇ ಇಳಿದ್ರು. ಹಿರೀ ಅಳಿಯ ಕಣ್ಣೊರೆಸ್ಕೊಂಡು ಅಂದ, "ಸದ್ಯ, ಮಣ್ಣಿಗಾದ್ರೂ ಸಿಕ್ಕಿದ್ವಲ್ಲ. ಬಸ್ಸಲ್ಲಿ ಬೇಗ ಬಂದಿದ್ರೆ ನೋಡೋಕೊಂದ್ಸಲ, ಮಣ್ಣಿಗೊಂದ್ಸಲ, ಸುಮ್ನೆ ಎರಡು ಸಲ ಓಡಾಡ್ಬೇಕಿತ್ತು."

ಸಾಹೇಬ್ರು ಬಂದ ದಿನ

ಕೊನೆಗೆ ಸ್ಟೇಷನ್ ನೋಡೋಕೆ ರೈಲ್ವೆಯ ಒಬ್ಬ ಸಾಹೇಬ್ರು ಬರ್ತಾರೆ ಅಂತ ಸುದ್ದಿ ಬಂತು. ಜನ ಕಂಡ್ರೆ ಸ್ಟೇಷನ್ ಉಳೀತು, ಇಲ್ಲಾಂದ್ರೆ ಬೀಗ. ಮನೆಮನೆಗೂ ಹೋಗಿ ಕೈಮುಗಿದೆ. "ಸಾಹೇಬ್ರು ಬಂದಾಗ ಟಿಕೆಟ್ ಹಿಡ್ಕೊಂಡು ಪ್ಲಾಟ್‌ಫಾರಮ್ಮಲ್ಲಿ ನಿಂತಿರಿ, ಅಷ್ಟು ಸಾಕು."

ಒಪ್ಪಿದ್ರು. ಊರಿಗೆ ಊರೇ ಬಂತು. ಗೌಡ್ರೂ ಟಿಕೆಟ್ ತಗೊಂಡ್ರು, ನನ್ನ ಹೆಂಡ್ತೀನೂ ತಗೊಂಡ್ಲು. ಸಕಲೇಶಪುರಕ್ಕೆ ಹೋಗೋ ಬೆಳಗಿನ ಟ್ರೈನು ಹೆಂಗೂ ತಡವಾಗಿ ಮಧ್ಯಾಹ್ನದ ಮೇಲೇ ಬರೋದು, ಅಷ್ಟರಲ್ಲಿ ಸಾಹೇಬ್ರು ನೋಡ್ಕೊಂಡು ಹೋಗಿರ್ತಾರೆ ಅಂತ ನನ್ನ ಧೈರ್ಯ. ಆದ್ರೆ ಸಾಹೇಬ್ರು ಈ ಕಡೆ ಓಡಾಡ್ತಾವ್ರೆ ಅನ್ನೋದು ಎಂಜಿನ್ ಡ್ರೈವರಿಗೂ ಗೊತ್ತಾಗ್ಬುಟ್ಟಿತ್ತು. ಟ್ರೈನು ಟೈಮಿಗೆ ಸರಿಯಾಗಿ ಬಂತು!

"ಹತ್ಬೇಡ್ರೋ! ಸಾಹೇಬ್ರು ಇನ್ನೂ ಬಂದಿಲ್ಲ!" ಅಂತ ಬಡ್ಕೊಂಡೆ.

"ಟಿಕೆಟ್ ದಂಡ ಆಗ್ತದೆ ಕಣೋ!" ಅಂತ ಗೌಡ್ರೇ ಮೊದಲು ಹತ್ತಿದ್ರು. ಹಿಂದೆಯೇ ಊರು.

ಆಮೇಲೆ ಸಾಹೇಬ್ರ ಜೀಪು ಬಂತು. ಶೆಡ್ಡಲ್ಲಿ ನಾನು, ಒಂದು ನಾಯಿ.

"ಜನ ಎಲ್ರಿ?"

"ಟ್ರೈನಲ್ಲಿ ಹೋದ್ರು ಸಾರ್."

"ಎಲ್ಲಾರೂ?"

"ನಾಯಿ ಒಂದು ಬಿಟ್ಟು, ಸಾರ್."

ಟಿಕೆಟ್ಟೆಲ್ಲ ನಾನೇ ಹರಿದು ಸುಳ್ಳು ಲೆಕ್ಕ ತೋರಿಸ್ತಿರಬೇಕು ಅನ್ನೋ ಥರ ನೋಡಿದ್ರು. ಅಷ್ಟರಲ್ಲಿ ಜೀಪಿನ ಟೈರು ಪಂಚರ್ರು. ನನಗೆ ಜೀವ ಬಂತು. "ಕೂತಿರಿ ಸಾರ್, ನಮ್ಮ ಜನ ಟ್ರೈನ್ ಬಿಟ್ಟು ಬೇರೇದು ಹತ್ತೋದೇ ಇಲ್ಲ. ಅದರಲ್ಲೇ ವಾಪಸ್ ಬರ್ತಾರೆ, ನೀವೇ ನೋಡೀರಂತೆ" ಅಂದೆ.

ಡ್ರೈವರು ಟೈರು ಹಾಕಿ ಮುಗಿಸೋ ಹೊತ್ತಿಗೆ ಸಕಲೇಶಪುರದ ಕಡೆಯಿಂದ ಬಸ್ಸು ಬಂದು ಶೆಡ್ಡಿನ ಮುಂದೇನೇ ನಿಂತಿತು. ಅದರಿಂದ ನಮ್ಮೂರು ಪೂರ್ತಿ ಇಳೀತು. ಗೌಡ್ರು ಕೈಮುಗಿದು, "ಸಾಹೇಬ್ರೇ, ಟ್ರೈನಿಲ್ದೆ ನಾವು ಬದುಕಲ್ಲ" ಅಂದ್ರು.

ಸಾಹೇಬ್ರು ಜೀಪು ಹತ್ತಿದ್ರು. ತಿಂಗಳೊಪ್ಪತ್ತಿನಲ್ಲಿ ಶೆಡ್ಡಿಗೆ ಬೀಗ ಬಿತ್ತು. ಆಮೇಲೆ ದೊಡ್ಡ ಹಳಿ ಹಾಕ್ತೀವಿ ಅಂತ ಲೈನನ್ನೇ ಮುಚ್ಚಿದ್ರು, ಅದು ಬೇರೆ ಕತೆ.

ಸಾಹೇಬ್ರು ಬಂದು ಹೋದ ರಾತ್ರಿ ಮನೇಲಿ ತಟ್ಟೆ ಮುಂದೆ ಕೂತಿದ್ದೆ. ಹೆಂಡ್ತಿ ಸಾರು ಬಡಿಸ್ತಾ ಮೆಲ್ಲಗೆ ಅಂದ್ಲು, "ಟ್ರೈನು ಟೈಮಿಗೆ ಬಂದಾಗ್ಲೇ ನಂಗೆ ಎದೆ ಧಸಕ್ ಅಂತು ಕಣ್ರೀ, ಏನೋ ಕೇಡು ಕಾದೈತೆ ಅಂತ. ಇಳಿಯೋಣ ಅಂದ್ಕೊಂಡೆ. ಆದ್ರೆ ಏನ್ಮಾಡೋದು, ಕಿಟಕಿ ಪಕ್ಕ ಸೀಟು ಸಿಕ್ಬುಟ್ಟಿತ್ತು."