ಟಿವಿ ರುದ್ರನ ಕೋಳಿಕೂಗು

ಭಾನುವಾರ ಬೆಳಿಗ್ಗೆ ಚಿಕ್ಕಕ್ಕನ ಹೋಟೆಲಿನಲ್ಲಿ ತಿಪ್ಪೇರುದ್ರ ಎರಡನೇ ಇಡ್ಲಿಗೆ ಕೈ ಹಾಕುವ ಹೊತ್ತಿಗೆ ಪ್ರಭುದೇವ್ ಬೈಕ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದ.

"ರುದ್ರಣ್ಣಾ, ಸಿಕ್ತು ಕಣಣ್ಣಾ! ನಿನ್ನ 'ಪುಟಾಣಿ ಪಡಸಾಲೆ' ಸಿಕ್ಬುಡ್ತು!"

ಇಡ್ಲಿ ಹೋಗಬೇಕಾದ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯಿತು. ತಿಪ್ಪೇರುದ್ರ ಕೆಮ್ಮಿದ, ಕಣ್ಣಲ್ಲಿ ನೀರು ಬಂತು. ಸಂತೋಷದ ಕಣ್ಣೀರು ಅಂದುಕೊಂಡು ಹೋಟೆಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ತಿಪ್ಪೇರುದ್ರ ಬಲಸಮುದ್ರದ ಲೈನ್‌ಮನ್. ಊರಿನ ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು ಮಲಗಿವೆ. ಬಿಸಿಲು ಹಿಡಿದು ದೇಶಕ್ಕೆಲ್ಲ ಕರೆಂಟು ಕಳಿಸುವ ಊರಲ್ಲಿ, ಜೋರಾಗಿ ಗಾಳಿ ಬೀಸಿ ಒಂದು ಗಳಿಗೆ ದೀಪ ಹೋದರೂ ಜನ ಸಹಿಸುವುದಿಲ್ಲ, ಲೈನ್‌ಮನ್ನಿನ ಮನೆತನವನ್ನೇ ಜಾಲಾಡಿಬಿಡುತ್ತಾರೆ. ಅಂಥಾ ಕೆಲಸದಲ್ಲಿದ್ದೂ ತಿಪ್ಪೇರುದ್ರನಿಗೆ ಊರಲ್ಲಿ ಒಂದು ಮರ್ಯಾದೆ ಇತ್ತು. ಅವನು 'ಟಿವಿ ರುದ್ರ'. ಮೂವತ್ತು ವರ್ಷದ ಹಿಂದೆ, ಮೂರನೇ ಕ್ಲಾಸಿನಲ್ಲಿದ್ದಾಗ, ಬೆಂಗಳೂರಿಗೆ ಹೋಗಿ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಕೋಳಿ ಕೂಗಿದ ಹಾಗೆ ಕೂಗಿ ಬಂದವನು. ಶಾಲೆಯ ಸ್ಪರ್ಧೆಗಳಿಗೆಲ್ಲ ಅವನೇ ತೀರ್ಪುಗಾರ. ಲೈನ್‌ಮನ್‌ಗೆ ಹೆಣ್ಣು ಕೊಡಲ್ಲ ಅಂದಿದ್ದ ವೈ.ಎನ್.ಹೊಸಕೋಟೆಯ ಮಾವ, ಹುಡುಗ ಟಿವಿಯಲ್ಲಿ ಬಂದವನು ಅಂತ ಗೊತ್ತಾದ ಮೇಲೆ ಒಪ್ಪಿ ವನಜಾಕ್ಷಿಯನ್ನು ಧಾರೆ ಎರೆದಿದ್ದ.

ಆದರೆ ಆ ಕೋಳಿಕೂಗನ್ನು ಊರಲ್ಲಿ ಒಬ್ಬರೂ ಕೇಳಿರಲಿಲ್ಲ.

ಆಗ ಊರಿಗೆಲ್ಲ ಟಿವಿ ಇದ್ದದ್ದು ಪ್ರಭುದೇವನ ಅಪ್ಪ ಶಂಕರಲಿಂಗಪ್ಪನ ಮನೆಯಲ್ಲಿ. ಶಂಕರಲಿಂಗಪ್ಪ ಕಡ್ಲೆಕಾಯಿ ವ್ಯಾಪಾರಿ, ಪುಕ್ಕಟೆ ಏನನ್ನೂ ಕೊಡುವ ಕುಲವಲ್ಲ. ಭಾನುವಾರ ಬೆಳಿಗ್ಗೆ 'ಪುಟಾಣಿ ಪಡಸಾಲೆ' ನೋಡಲು ಬಂದ ಪ್ರತಿ ಮಗುವಿನ ಮಡಿಲಿಗೂ ಒಂದು ಮೊರ ಕಡ್ಲೆಕಾಯಿ ಸುರಿಯುತ್ತಿದ್ದ. ಕಾಯಿ ಸುಲಿಯುತ್ತಾ ಹಾಡು, ಕುಣಿತ, ಒಗಟು, ಕಾಗದದ ದೋಣಿ ಎಲ್ಲ ನೋಡಬೇಕು. ಬಾಯಿಗೆ ಹಾಕಿಕೊಂಡವರು ಎದ್ದು ಹೊರಗೆ. ಕಾರ್ಯಕ್ರಮ ನಡೆಸುವ ಸುಮಕ್ಕ ಕೊನೆಯಲ್ಲಿ "ಟಾಟಾ ಪುಟಾಣಿಗಳೇ" ಅಂದಾಗ ಮಕ್ಕಳೆಲ್ಲ ಕೈ ಬೀಸುತ್ತಿದ್ದರು, ಶಂಕರಲಿಂಗಪ್ಪ ಬಿತ್ತನೆ ಬೀಜ ಅಳೆಯುತ್ತಿದ್ದ. ತಿಪ್ಪೇರುದ್ರನ ಕಾರ್ಯಕ್ರಮ ಬಂದ ದಿನ ದೊಡ್ಡವರೂ ಸೇರಿ ಊರಿಗೆ ಊರೇ ಕಾಯಿ ಸುಲಿಯಿತು. ಹುಡುಗ ಮೈಕಿನ ಮುಂದೆ ಬಂದು ಬಾಯಿ ತೆರೆದನೋ ಇಲ್ಲವೋ, ಕರೆಂಟು ಹೋಯಿತು. ಬಂದಾಗ ಸಂಸ್ಕೃತ ಪಾಠ ನಡೆಯುತ್ತಿತ್ತು.

ಹಾಗಾಗಿ ತಿಪ್ಪೇರುದ್ರ ಹೇಳಿದ್ದೇ ಕತೆ. ಮೊದಮೊದಲು ಅವನು ಕೂಗಿದ್ದಕ್ಕೆ ಸುಮಕ್ಕ ಬೆನ್ನು ತಟ್ಟಿದ್ದಳು. ಹೈಸ್ಕೂಲಿಗೆ ಬರುವ ಹೊತ್ತಿಗೆ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ಮದುವೆಯ ಹೊತ್ತಿಗೆ ಅವನ ಕೂಗು ಕೇಳಿ ಬೆಂಗಳೂರಿನ ಕೋಳಿಗಳೆಲ್ಲ ತಿರುಗಿ ಕೂಗಿದ್ದವು. ಅವನಪ್ಪ ಗಂಗಯ್ಯ ಪಕ್ಕದಲ್ಲಿ ಕೂತು ಪ್ರತಿ ಸಲವೂ "ಊಂ" ಅನ್ನುತ್ತಿದ್ದ.

ನಿಜ ಏನಾಗಿತ್ತು ಅನ್ನುವುದು ತಿಪ್ಪೇರುದ್ರನಿಗೂ ಅವನನ್ನು ಕರೆದುಕೊಂಡು ಹೋಗಿದ್ದ ಕದರಪ್ಪ ಮೇಷ್ಟ್ರಿಗೂ ಮಾತ್ರ ಗೊತ್ತು ಅಂತ ಅವನು ನಂಬಿದ್ದ. ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ನಿಜ ಹೀಗೆ. ಆ ಕಾರ್ಯಕ್ರಮದಲ್ಲಿ ಜಾಂಬುಮಾಮ ಅಂತ ಒಂದು ಕರಡಿ ಇತ್ತು, ಕರಡಿ ವೇಷದ ಮನುಷ್ಯ. ಶಂಕರಲಿಂಗಪ್ಪನ ಟಿವಿಯಲ್ಲಿ ಅದು ಗೇಣುದ್ದ ಇತ್ತು. ಸ್ಟುಡಿಯೋದಲ್ಲಿ, ದೀಪದ ಬೆಳಕಲ್ಲಿ, ಆರಡಿ ಎತ್ತರದ ಕರಿಕೂದಲ ಪ್ರಾಣಿ ಎರಡು ಕಾಲ ಮೇಲೆ ನಡೆದು ಬಂದು ಹೆಗಲ ಮೇಲೆ ಕೈಯಿಟ್ಟಿತು. ಬೆಂಗಳೂರಿನ ಮಕ್ಕಳಿಗೆ ಕರಡಿ ಅಂದರೆ ಬೊಂಬೆ. ನಮ್ಮ ಮಧುಗಿರಿ, ಪಾವಗಡದ ಗುಡ್ಡದ ಸೀಮೆಯ ಮಕ್ಕಳಿಗೆ ಹಾಗಲ್ಲ. ಕಡ್ಲೆಕಾಯಿ ಹೊಲದಲ್ಲಿ ಕರಡಿ ಕಂಡರೆ ಊರು ಕೇಳುವ ಹಾಗೆ ಕಿರುಚು, ಕೈಗೆ ಸಿಕ್ಕಿದ್ದರಲ್ಲಿ ಬಾರಿಸು, ಓಡು ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ಹುಡುಗ ಅಷ್ಟನ್ನೂ ಚಾಚೂ ತಪ್ಪದೆ ಮಾಡಿದ. "ಕರಡೀ! ಕರಡೀ!" ಅಂತ ಕಿರುಚಿ, ಮೈಕಿನ ಕೋಲಿನಿಂದ ಜಾಂಬುಮಾಮನ ಮೂತಿಗೆ ಬಾರಿಸಿ, ಹಿಂದಿದ್ದ ಮಾವಿನಮರ ಹತ್ತಿದ. ಮರ ರಟ್ಟಿನದು. ಅದು ಸುಮಕ್ಕನ ಮೇಲೆ ಬಿತ್ತು.

"ಎಲ್ಲಿ ಸಿಕ್ತು?" ಅಂತ ತಿಪ್ಪೇರುದ್ರ ಕೇಳಲೂ ಹೋಗಲಿಲ್ಲ. ಎಲ್ಲಿ ಸಿಗುತ್ತೆ ಈ ಕಾಲದಲ್ಲಿ, ಇಂಟರ್‌ನೆಟ್ಟಲ್ಲಿ ಸಿಕ್ಕಿರುತ್ತೆ ಅಂತ ತಾನೇ ಅಂದುಕೊಂಡ.

ಪಾವಗಡದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಪ್ರಭುದೇವ್ ಉಬ್ಬಿಹೋಗಿದ್ದ. "ಶುರುವಿನ ಹಾಡು ನೋಡಿ ನಿಲ್ಲಿಸ್ಬುಟ್ಟೆ ಕಣಣ್ಣಾ. ಮಿಕ್ಕಿದ್ದು ಎಲ್ರ ಜೊತೆ ನೋಡಾನ ಅಂತ. ಸಂಜೆ ಶಾಲೆ ಮುಂದೆ ಪ್ರೊಜೆಕ್ಟರ್ ಹಾಕ್ತೀನಿ!"

"ಬ್ಯಾಡ ಬುಡೋ. ಹಳೇದು. ಈಗಿನ್ ಮಕ್ಳು ಯಾರ್ ನೋಡ್ತಾರೆ?"

"ನಾಚ್ಕೆ ನೋಡು ಆಯಪ್ಪಂಗೆ," ಅಂದಳು ಚಿಕ್ಕಕ್ಕ, ಕಾಸು ತಗೊಳ್ಳದೆ ಇನ್ನೊಂದು ಇಡ್ಲಿ ಹಾಕಿ.

ಮನೆಗೆ ಬಂದರೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ವನಜಾಕ್ಷಿ ರೇಷ್ಮೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. "ನಮ್ಮಪ್ಪಂಗೂ ಫೋನ್ ಮಾಡ್ದೆ. ಬಸ್ ಹತ್ತಿದಾರಂತೆ." ಮಗಳು ಅನುಷಾ ಓಡಿಬಂದು ಕೊರಳಿಗೆ ಜೋತುಬಿದ್ದಳು. ನಾಳೆ ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಅವಳು ಏಕಪಾತ್ರಾಭಿನಯ ಮಾಡಬೇಕಿತ್ತು. ಒಂದು ವಾರದಿಂದ ಹೆದರಿಕೆಗೆ ಅನ್ನ ಸೇರುತ್ತಿರಲಿಲ್ಲ. "ನಿಮ್ಮಪ್ಪ ಟಿವೀಲೇ ಹೆದರ್ಲಿಲ್ಲ" ಅಂತ ಹೇಳಿ ಹೇಳಿ ಅವನೇ ಧೈರ್ಯ ತುಂಬಿದ್ದ.

"ಅಪ್ಪಾ, ನೀನು ಹೆಂಗ್ ನಿಂತ್ಕಂಡಿದ್ದೆ ಅಂತ ನೋಡ್ಕಂಡು ನಾನೂ ಅಂಗೇ ನಿಂತ್ಕಂತೀನಿ."

ಊರು ನಕ್ಕರೆ ನಗಲಿ, ಮಾವ ಉಗಿದರೆ ಉಗಿಯಲಿ. ಈ ಹುಡುಗಿ ತನ್ನನ್ನು ನೋಡುವ ಈ ಕಣ್ಣು ನಾಳೆ ಹೀಗೇ ಇರುವುದಿಲ್ಲವಲ್ಲ ಅನ್ನುವುದನ್ನೇ ತಿಪ್ಪೇರುದ್ರನಿಗೆ ತಡೆಯಲಾಗಲಿಲ್ಲ. ಕಂಬಳಿ ಹೊದ್ದು ಮಲಗಿ ನರಳತೊಡಗಿದ.

ಪಕ್ಕದ ಮನೆಯ ಮಾರಕ್ಕ ಬಂದು ಹಣೆ ಮುಟ್ಟಿ ನೋಡಿದಳು. "ತಣ್ಣಗೈತೆ. ದೃಷ್ಟಿ ಆಗೈತೆ." ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ತಿಪ್ಪೇರುದ್ರ ಮಂಚದಿಂದ ಹಾರಿ ಅಂಗಳಕ್ಕೆ ಬಂದು ನಿಂತ.

"ಎದ್ದ ನೋಡ್ರಮ್ಮಾ! ಎದ್ದಿಲ್ದಿದ್ರೂ ಮಂಚದ ಸಮೇತ ಹೊತ್ಕಂಡು ಹೋಗ್ತಿದ್ವಿ," ಅಂದಳು ಮಾರಕ್ಕ.

ಉಳಿದದ್ದು ಒಂದೇ ದಾರಿ. ತಿಪ್ಪೇರುದ್ರ ಹಿತ್ತಲಿಗೆ ಹೋಗಿ ಸೆಕ್ಷನ್ ಆಫೀಸರ್ ಅಂಜನ್ ಕುಮಾರ್‌ಗೆ ಫೋನ್ ಮಾಡಿದ. "ಸಾರ್, ಶಾಲೆ ಹತ್ರ ಹುಣಸೇಕೊಂಬೆ ಲೈನಿಗೆ ತಾಗ್ತಾ ಐತೆ. ಸಂಜೆ ಲೈನ್ ಆಫ್ ಮಾಡಿ ಕಡಿಸ್ಬುಡ್ತೀನಿ ಸಾರ್."

"ಭಾನುವಾರ ಸಂಜೇನಾ? ತಲೆ ಕೆಟ್ಟಿದೆಯೇನ್ರೀ? ಪ್ರಭುದೇವ್ ಎಲ್ಲಾ ಹೇಳಿದ. ನಮ್ಮ ಕೊರಟಗೆರೇಲಿ ನಾನೂ ಕರೆಂಟು ಇದ್ದಾಗೆಲ್ಲ ನೋಡ್ತಿದ್ದೆ ಕಣ್ರೀ! ಸುಮಕ್ಕಂಗೆ ಎಷ್ಟು ಕಾರ್ಡ್ ಬರೆದಿದ್ದೆ, ಒಂದನ್ನೂ ಓದ್ಲಿಲ್ಲ ಆಯಮ್ಮ. ಇಷ್ಟು ದಿನ ನನ್ನ ಸ್ಟಾಫಲ್ಲೇ ಒಬ್ಬ ಸ್ಟಾರ್ ಇಟ್ಕೊಂಡು ನನಗೇ ಗೊತ್ತಿಲ್ಲ! ನಾನೂ ಬರ್ತಾ ಇದೀನಿ."

ಕತ್ತಲಾಗುವ ಹೊತ್ತಿಗೆ ಶಾಲೆಯ ಅಂಗಳ ತುಂಬಿತು. ಗೋಡೆಗೆ ಬಿಳಿ ಪಂಚೆ ಬಿಗಿದಿದ್ದರು. ಮುಂದಿನ ಸಾಲಿನಲ್ಲಿ ಆಫೀಸರ್, ಮಾವ, ಗಂಗಯ್ಯ. ಹಿಂದೆ ಮಾರಕ್ಕನ ಪಡೆ, ಹಳೇ ನೆನಪಿಗೆ ಅಂತ ಮಡಿಲಲ್ಲಿ ಕಡ್ಲೆಕಾಯಿ ಇಟ್ಟುಕೊಂಡು. ಈ ಸಲ ತಿನ್ನಬೇಡ ಅನ್ನುವವರು ಯಾರೂ ಇರಲಿಲ್ಲ. "ಒಂದ್ನಿಮಿಷ, ಒಂದಕ್ಕೆ ಹೋಗ್ ಬತ್ತೀನಿ," ಅಂತ ತಿಪ್ಪೇರುದ್ರ ಕತ್ತಲಿಗೆ ಜಾರಿದ.

ಶಾಲೆಯ ಹಿಂದೆ ಹುಣಸೆಮರದ ಪಕ್ಕದಲ್ಲೇ ಊರಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್. ಅದರ ಫ್ಯೂಸು ಕೀಳುವುದು ಅವನಿಗೆ ಮೂಗು ಒರೆಸಿಕೊಂಡಷ್ಟು ಸಲೀಸು. ಕಿತ್ತ. ಬಲಸಮುದ್ರ ಕಪ್ಪಗಾಯಿತು. ಅಂಗಳದಲ್ಲಿ "ಹೋ" ಅಂತ ಕೂಗೆದ್ದಿತು. ಬೆಳಿಗ್ಗೆಯಿಂದ ಮೊದಲ ಸಲ ಅವನು ನೆಮ್ಮದಿಯಾಗಿ ಉಸಿರುಬಿಟ್ಟ.

ಕರೆಂಟು ಹೋದರೆ ಬಲಸಮುದ್ರದವರು ಮಾಡುವ ಮೊದಲ ಕೆಲಸ ಲೈನ್‌ಮನ್ನಿಗೆ ಫೋನ್ ಮಾಡುವುದು. ಇಡೀ ಅಂಗಳ ಒಟ್ಟಿಗೇ ಮಾಡಿತು. ಟಿವಿ ರುದ್ರನ ಮೊಬೈಲಿನ ರಿಂಗ್‌ಟೋನು ಏನಿರುತ್ತೆ? ಹುಣಸೆಮರದ ಕತ್ತಲಲ್ಲಿ "ಕೊಕ್ಕೊಕ್ಕೋ" ಅಂತ ಕೋಳಿ ಕೂಗತೊಡಗಿತು. ಜೇಬಿಂದ ತೆಗೆದು ಒತ್ತುವಷ್ಟರಲ್ಲಿ ಇನ್ನೊಬ್ಬರ ಫೋನು, ಮತ್ತೆ ಕೋಳಿ. ಟಾರ್ಚುಗಳೆಲ್ಲ ಅತ್ತ ಓಡಿಬಂದವು. ಬೆಳಕಿನಲ್ಲಿ ತಿಪ್ಪೇರುದ್ರ ಒಂದು ಕೈಯಲ್ಲಿ ಫ್ಯೂಸು, ಇನ್ನೊಂದು ಕೈಯಲ್ಲಿ ಕೋಳಿ ಹಿಡಿದು ನಿಂತಿದ್ದ.

ಮುಗಿಯಿತು ಅಂದುಕೊಂಡ. ಆದರೆ ಅಂಜನ್ ಕುಮಾರ್ ಗದ್ಗದಿತನಾಗಿ ಅವನ ಭುಜ ಹಿಡಿದುಕೊಂಡ.

"ನೋಡ್ರಪ್ಪಾ! ತನ್ನದೇ ಪ್ರೋಗ್ರಾಂ ಬಿಟ್ಟು, ಕರೆಂಟು ಹೋದ ಗಳಿಗೆಗೇ ಟಿ.ಸಿ. ಮುಂದೆ ನಿಂತಿದಾನೆ. ಡ್ಯೂಟಿ ಅಂದ್ರೆ ಇದು!"

ಜನ ಶಿಳ್ಳೆ ಹೊಡೆದರು. ಅಷ್ಟು ಟಾರ್ಚುಗಳ ಮುಂದೆ ತಿಪ್ಪೇರುದ್ರ ತಾನು ಕಿತ್ತ ಫ್ಯೂಸನ್ನು ತಾನೇ ವಾಪಸು ಸಿಕ್ಕಿಸಬೇಕಾಯಿತು. ಊರು ಬೆಳಗಿತು. ಅವನನ್ನು ಎತ್ತಿಕೊಂಡ ಹಾಗೇ ತಂದು ಮುಂದಿನ ಸಾಲಿನಲ್ಲಿ ಕೂರಿಸಿದರು.

ಪಂಚೆಯ ಮೇಲೆ 'ಪುಟಾಣಿ ಪಡಸಾಲೆ' ಶುರುವಾಯಿತು. ಆ ಹಾಡು ಕೇಳಿದ್ದೇ ತಡ, ಮೀಸೆ ನರೆತವರೆಲ್ಲ ಮಕ್ಕಳಾಗಿಬಿಟ್ಟರು. ಅಂಜನ್ ಕುಮಾರ್ ಚಪ್ಪಾಳೆ ತಟ್ಟುತ್ತಾ ದನಿಗೂಡಿಸಿದ. ಸುಮಕ್ಕನ ಎರಡು ಜಡೆ ನೋಡಿ ಮಾರಕ್ಕ "ಪಾಪ, ಆಯಮ್ಮಂಗೂ ಈಗ ಮೊಮ್ಮಕ್ಳಿರ್ತಾವೆ" ಅಂತ ಕಣ್ಣೊರೆಸಿಕೊಂಡಳು. ಶಿರಾದ ಮಕ್ಕಳ ಕೋಲಾಟ ಮುಗಿಯಿತು, ಒಗಟು ಮುಗಿಯಿತು. "ಈಗ ಬಲಸಮುದ್ರದಿಂದ ಬಂದಿರೋ ಪುಟಾಣಿ ತಿಪ್ಪೇರುದ್ರ!" ಅಂದಳು ಸುಮಕ್ಕ.

ದೊಗಳೆ ಚಡ್ಡಿ, ಎಣ್ಣೆ ಹಚ್ಚಿ ಬಾಚಿದ ತಲೆಯ ಹುಡುಗ ನಡೆದು ಬಂದು ಮೈಕಿನ ಮುಂದೆ ನಿಂತ. ಅನುಷಾ ಅಪ್ಪನ ಕೈ ಹಿಡಿದುಕೊಂಡಳು. ಪರದೆಯ ಅಂಚಿನಿಂದ ಒಂದು ಕಪ್ಪು ಕೈ ನಿಧಾನವಾಗಿ ಬಂತು. ಹುಡುಗ ತಿರುಗಿದ. ಕಣ್ಣು ಅಗಲವಾಯಿತು, ಬಾಯಿ ಅಗಲವಾಯಿತು. ತಿಪ್ಪೇರುದ್ರ ಕಣ್ಣು ಮುಚ್ಚಿಕೊಂಡ.

ಪರದೆ ಖಾಲಿಯಾಯಿತು.

"ಲೇ, ಮತ್ತೆ ಹೋಯ್ತಲ್ಲೋ ಕರೆಂಟು!" ಅಂತ ಯಾರೋ ಅರಚಿದರು. ಆದರೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಪ್ರಭುದೇವ್ ಲ್ಯಾಪ್‌ಟಾಪ್ ಕುಟ್ಟಿ ನೋಡಿ, ತಲೆ ಕೆರೆದುಕೊಂಡು ಎದ್ದುನಿಂತ.

"ಇಷ್ಟೇ ಐತೆ ಕಣ್ರಣ್ಣಾ. ಇದು ನಮ್ಮನೆ ಅಟ್ಟದ ಮೇಲೆ ಸಿಕ್ಕಿದ ಕ್ಯಾಸೆಟ್ಟಿಂದ ಇಳಿಸ್ಕಂಡಿದ್ದು. ಆವತ್ತು ನಮ್ಮಪ್ಪ ವಿಸಿಆರ್ ಬಾಡಿಗೆಗೆ ತಂದು ಟಿವಿ ಪಕ್ಕ ಇಟ್ಟು ರೆಕಾರ್ಡ್ ಹಾಕಿದ್ನಂತೆ. ಆವತ್ತು ಕರೆಂಟು ಹೋತಲ್ಲ... ಇದ್ರಲ್ಲೂ ಹೋಗೈತೆ."

ತಿಪ್ಪೇರುದ್ರ ಒಂದು ಕಣ್ಣು ತೆರೆದ. ನಿಧಾನವಾಗಿ ಇನ್ನೊಂದನ್ನೂ ತೆರೆದ. ಮಾವ ಅವನ ಬೆನ್ನು ತಟ್ಟುತ್ತಿದ್ದ. "ಕೂಗಾಕೆ ಹೆಂಗ್ ಬಾಯಿ ತೆಗೆದಿದ್ದ ನೋಡ್ರೋ! ಹುಲಿ!" ಅಂತ ಜನ ಚಪ್ಪಾಳೆ ತಟ್ಟುತ್ತಿದ್ದರು. ಅನುಷಾಳ ಕಣ್ಣು ಮಿನುಗುತ್ತಿತ್ತು. ಎಲ್ಲ ದೇವರಿಗೂ ಅವನು ಒಟ್ಟಿಗೇ ಕೈ ಮುಗಿದ.

ಆಗ ಮಾರಕ್ಕ ಬಾಯಿ ಬಿಟ್ಟಳು. "ಆವತ್ತು ಲೈನ್ ನೋಡ್ಕತ್ತಿದ್ದೋನ ಕೈ ಸೇದೋಗ! ಮಗೀನ ಕೂಗು ಕೇಳಾಕೂ ಬುಡ್ಲಿಲ್ಲ. ಲೈನ್ ನೆಟ್ಟಗೆ ಇಡಾಕ್ ಬರ್ದಿದ್ದೋನಿಗೆ ಸಂಬಳ ಯಾಕೆ?"

ಬೈಯುವ ಭರದಲ್ಲಿ ಅವಳು ಮರೆತಿದ್ದಳು, ಆವತ್ತಿನ ಲೈನ್‌ಮನ್ ಮುಂದಿನ ಸಾಲಿನಲ್ಲೇ ಕೂತಿದ್ದ. ಗಂಗಯ್ಯ ಕೋಲೂರಿ ಎದ್ದ. ಬೇರೆ ಏನು ಅಂದಿದ್ದರೂ ಸಹಿಸುತ್ತಿದ್ದ. ಅವನ ಲೈನಿಗೆ ಹೆಸರಿಟ್ಟಿದ್ದು ಸಹಿಸಲಿಲ್ಲ.

"ಏಯ್ ಮಾರಕ್ಕಾ! ನನ್ ಸರ್ವೀಸ್ನಾಗೆ ಸುಮ್ಸುಮ್ನೆ ಯಾವತ್ತೂ ಕರೆಂಟು ಹೋಗಿಲ್ಲ. ಆವತ್ತೂ ಹೋಗ್ಲಿಲ್ಲ. ನಾನೇ ಫ್ಯೂಸ್ ಕಿತ್ತಿದ್ದು!"

ತಿಪ್ಪೇರುದ್ರ ಬೇಡ ಬೇಡ ಅಂತ ಕೈ ಆಡಿಸಿದ. ಕಣ್ಣು ಮಂಜಾದ ಗಂಗಯ್ಯ, ಮಗ ಜೋರಾಗಿ ಹೇಳು ಅಂತಿದಾನೆ ಅಂದುಕೊಂಡ. ಜೋರಾಗಿ ಹೇಳಿದ.

"ಇವನು ಕೂಗಿದ್ದು ಕೋಳಿ ತರ ಅಲ್ಲ ಕಣ್ರಯ್ಯಾ, ಕರಡೀ ಅಂತ! ಕದರಪ್ಪ ಮೇಷ್ಟ್ರು ಬಂದು ಎಲ್ಲಾ ಹೇಳಿದ್ರು. ಆ ವೇಷದೋನ ಮೂತಿಗೆ ಬಾರಿಸಿ, ರಟ್ಟಿನ ಮರ ಹತ್ತಿ ಆಯಮ್ಮನ ಮ್ಯಾಲೆ ಬೀಳ್ಸಿದ್ನಂತೆ. ಮಕ್ಳು ನಗ್ಲಿ, ಇಂಗೇ ಹಾಕ್ತೀವಿ ಅಂದ್ರಂತೆ ಟಿವಿನೋರು. ಊರು ನನ್ ಮಗನ್ ನೋಡಿ ನಗೋದಾ? ಕಿತ್ತು ಜೇಬಿಗೆ ಹಾಕ್ಕಂಡೆ!"

ಅಂಗಳದಲ್ಲಿ ಕಡ್ಲೆಕಾಯಿ ಸುಲಿಯುವ ಸದ್ದೂ ನಿಂತಿತು. ತಿಪ್ಪೇರುದ್ರ ನಾಚಿಕೆಪಡುವುದನ್ನೂ ಮರೆತು ಅಪ್ಪನ ಕಡೆ ತಿರುಗಿದ. ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ಈ ಮುದುಕ ಪಕ್ಕದಲ್ಲಿ ಕೂತು "ಊಂ" ಅಂದಿದ್ದನಲ್ಲ.

ಅಂಜನ್ ಕುಮಾರ್ ನಿಧಾನವಾಗಿ ತಿಪ್ಪೇರುದ್ರನ ಕಡೆ ತಿರುಗಿದ. "ಹಂಗಾದ್ರೆ... ಇವತ್ತು ಸಂಜೆ ಹೋಗಿದ್ದು?"

"ಇವತ್ತು ಇವನೇ ಕಿತ್ತಿರ್ತಾನೆ ಬುಡಿ ಸಾಮಿ," ಅಂದ ಗಂಗಯ್ಯ ಹೆಮ್ಮೆಯಿಂದ. "ಯಾರ ಮಗ!"

ಮೊದಲು ನಕ್ಕವಳು ಮಾರಕ್ಕ. ಆಮೇಲೆ ಯಾರು ಯಾರು ಅಂತ ಹೇಳುವ ಹಾಗಿರಲಿಲ್ಲ. ಮಾವ ಕೊನೇ ಬಸ್ಸಿಗೆ ಅಂತ ಎದ್ದವನು ನಗು ತಡೆಯಲಾಗದೆ ಮತ್ತೆ ಕೂತ. ವನಜಾಕ್ಷಿ ಮಾತ್ರ ರೇಷ್ಮೆ ಸೀರೆಯ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕೇಳುವ ಧೈರ್ಯ ಗಂಡನಿಗೆ ಇವತ್ತಿಗೂ ಬಂದಿಲ್ಲ.

ಅನುಷಾ ಮರುದಿನ ಪಾವಗಡದಲ್ಲಿ ಮೊದಲ ಬಹುಮಾನ ತಂದಳು. ಹೆದರಿಕೆ ಆಗಲಿಲ್ಲವಾ ಅಂತ ಅಪ್ಪ ಕೇಳಿದ್ದಕ್ಕೆ, "ಎಷ್ಟು ಕೆಟ್ಟದಾಗಿ ಮಾಡಿದ್ರೂ ನಿನ್ನಷ್ಟು ಆಗಲ್ಲ ಅಂತ ಧೈರ್ಯ ಬಂತಪ್ಪಾ," ಅಂದಳು.

ಅದೇ ವಾರ ದೊಡ್ಡ ಗಾಳಿ ಎದ್ದು ಊರ ಹೊರಗೆ ತಂತಿ ಕಡಿದುಬಿತ್ತು. ತಿಪ್ಪೇರುದ್ರ ದೇವರಾಣೆಗೂ ಏನೂ ಮಾಡಿರಲಿಲ್ಲ. ಮಳೆಯಲ್ಲಿ ತೊಪ್ಪೆಯಾಗಿ, ಕಂಬ ತಬ್ಬಿಕೊಂಡು ತಂತಿ ಬಿಗಿಯುತ್ತಿದ್ದ. ಜೇಬಿನಲ್ಲಿ ಕೋಳಿ ಕೂಗಿತು. ಹಲ್ಲಿನಲ್ಲಿ ಇಕ್ಕಳ ಕಚ್ಚಿಕೊಂಡೇ ಫೋನ್ ಕಿವಿಗಿಟ್ಟ.

"ಏನ್ ರುದ್ರಣ್ಣಾ," ಅಂದಿತು ಆ ಕಡೆಯ ದನಿ, "ಇವತ್ತೂ ಟಿವೀಲಿ ನೀನೇ ಬರ್ತಾ ಇದೀಯಾ?"